ಎಡಕ್ಕೇ ಇಳಿಯುವ ವಿಮಾನ

ಗುರುವಾಯನಕೆರೆಯ ಚಿದಾನಂದ ಡ್ರೈವರು ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಸುಮ್ಮನೆ ಕೂತದ್ದನ್ನು ಅವರ ಹೆಂಡತಿ ಕಾಂತಿ ಒಮ್ಮೆಯೂ ಕಂಡವಳಲ್ಲ. ಮದುವೆ ದಿಬ್ಬಣದ ಕಾರಿನಲ್ಲೇ ಅದು ಶುರುವಾಗಿತ್ತು. ಮದುಮಗ ಪೇಟ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತು, ವೇಣೂರಿನಿಂದ ಮನೆಯ ಅಂಗಳದವರೆಗೂ ಆ ಬಡಪಾಯಿ ಡ್ರೈವರಿಗೆ ಗೇರಿನ ಪಾಠ ಹೇಳಿದ್ದರು. ಪಕ್ಕದಲ್ಲಿ ಹೊಸ ಹೆಂಡತಿ ಕೂತಿದ್ದಾಳೆ ಎಂಬುದು ಅವರಿಗೆ ನೆನಪಾದದ್ದು ಕಾರು ನಿಂತ ಮೇಲೆ.

ಮೂವತ್ತನಾಲ್ಕು ವರ್ಷ ಅವರು ಬೆಳ್ತಂಗಡಿಯಿಂದ ಮೂಡುಬಿದಿರೆ ದಾರಿಯಾಗಿ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸು ಓಡಿಸಿದರು. ಈ ಕಡೆಯ ಖಾಸಗಿ ಬಸ್ಸುಗಳಿಗೆ ನಿಮಿಷವೇ ದೇವರು. ಒಂದು ಬಸ್ಸು ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವರು ಬಂದು ಜನ ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಎರಡೂ ಬಸ್ಸಿನವರು ಮೂಡುಬಿದಿರೆ ನಿಲ್ದಾಣದಲ್ಲಿ ಇಳಿದು ಪರಸ್ಪರರ ಅಜ್ಜಿಯವರೆಗೆ ವಿಚಾರಿಸಿಕೊಳ್ಳುತ್ತಾರೆ. ಚಿದಾನಂದರನ್ನು ಹಾಗೆ ವಿಚಾರಿಸುವ ಸಂದರ್ಭ ಯಾರಿಗೂ ಬರಲಿಲ್ಲ. ಅವರ ಬಸ್ಸು ಹೋದದ್ದು ನೋಡಿ ವೇಣೂರಿನ ಹೋಟೆಲಿನವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು ಎಂದು ಅವರೇ ಹೇಳುತ್ತಿದ್ದರು. ಹೋಟೆಲಿನವರು ಹೇಳಿದ್ದನ್ನು ಯಾರೂ ಕೇಳಿಲ್ಲ.

ಇಷ್ಟು ಹೆಸರಾದ ಬಸ್ಸಿಗೆ ಕಾಂತಿ ಮಾತ್ರ ಹತ್ತುವಂತಿರಲಿಲ್ಲ. ಮನೆಯವರು ಹಿಂದೆ ಕೂತಿದ್ದರೆ ಬ್ರೇಕಿನ ಮೇಲೆ ಕಾಲು ಸರಿಯಾಗಿ ಕೂರುವುದಿಲ್ಲವಂತೆ. ಆದ್ದರಿಂದ ತವರಿಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಅವಳು ಗಂಡನ ಬಸ್ಸಿಗೆ ಕೈಬೀಸಿ ಕಳಿಸಿ, ಏಳು ನಿಮಿಷ ಬಿಟ್ಟು ಬರುವ ಎದುರಾಳಿಯ ಬಸ್ಸಿನಲ್ಲಿ ಹೋಗುತ್ತಿದ್ದಳು.

ಹೋದ ವರ್ಷ ಲೈಸನ್ಸ್ ನವೀಕರಣಕ್ಕೆಂದು ಕಣ್ಣು ಪರೀಕ್ಷೆಗೆ ಹೋದವರು ಮಧ್ಯಾಹ್ನದ ಊಟಕ್ಕೆ ಮೊದಲೇ ಮಾಜಿ ಡ್ರೈವರಾಗಿ ಮರಳಿದರು. ಎಡಗಣ್ಣು ಸ್ವಲ್ಪ ಮಬ್ಬಂತೆ ಎಂದರು. ತಪ್ಪು ಕಣ್ಣಿನದ್ದಲ್ಲ, ಅಕ್ಷರದ ಬೋರ್ಡು ಹಳತಾಗಿತ್ತು, ಟ್ಯೂಬ್‌ಲೈಟು ಮಿಣುಕುತ್ತಿತ್ತು. "ಆ ಡಾಕ್ಟ್ರಿಗೇ ಸೋಡಾ ಬಾಟ್ಲಿಯಷ್ಟು ದಪ್ಪದ ಕನ್ನಡಕ ಉಂಟು. ಅವರು ನನ್ನ ಕಣ್ಣು ನೋಡುವುದಾ?" ಎಂದು ಕೇಳಿದರು. ಕಾಂತಿ ಅನ್ನ ಬಡಿಸಿದಳು. ಅದಾದ ಮೇಲೆ ಅವರು ದಿನಾ ಬೆಳಿಗ್ಗೆ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಕೂತು, ಹೋಗಿಬರುವ ಬಸ್ಸುಗಳು ಎಷ್ಟೆಷ್ಟು ತಡವಾದವು ಎಂದು ಕೈಗಡಿಯಾರ ನೋಡಿ ಹೇಳುವ, ಯಾರೂ ಕೊಡದ ಕೆಲಸವನ್ನು ವಹಿಸಿಕೊಂಡರು. ಪಕ್ಕದಲ್ಲಿ ಮುಂಡಪ್ಪ. ಇಪ್ಪತ್ತು ವರ್ಷ ಅವರ ಬಸ್ಸಿನಲ್ಲೇ ಕಂಡಕ್ಟರಾಗಿದ್ದ ಮುಂಡಪ್ಪನಿಗೆ ಈಗಲೂ ಅವರು ಹೇಳಿದ ಮೇಲೆ 'ಹೌದು' ಎನ್ನದೆ ಊಟ ಸೇರುವುದಿಲ್ಲ.

ಹೀಗಿರುವಾಗ ಮಸ್ಕತ್ತಿನಿಂದ ಮಗಳು ಅಕ್ಷಿತಾ ಎರಡು ಟಿಕೆಟು ಕಳಿಸಿದಳು. ಹೆರಿಗೆಗೆ ಅವಳಿಗೆ ಊರಿಗೆ ಬರಲಾಗಿರಲಿಲ್ಲ. ಅಪ್ಪ ಅಮ್ಮ ಮೊಮ್ಮಗಳನ್ನು ಕಂಡದ್ದೆಲ್ಲ ಫೋನಿನಲ್ಲಿ. ಮಗುವಿಗೆ ಒಂದು ವರ್ಷ ತುಂಬುವ ದಿನಕ್ಕೆ ಇಬ್ಬರೂ ಬರಲೇಬೇಕು ಎಂದು ಅವಳು ಹಟ ಹಿಡಿದಳು. ಕಾಂತಿ ಅದೇ ಮಧ್ಯಾಹ್ನ ಹಪ್ಪಳದ ಹಿಟ್ಟು ಕಲಸಿದಳು. ಚಿದಾನಂದರು ಮಾತ್ರ ತಾನು ಬರುವುದಿಲ್ಲ ಎಂದರು.

"ಯಾಕೆ?" ಎಂದಳು ಕಾಂತಿ.

"ಗುರ್ತ ಪರಿಚಯ ಇಲ್ಲದ ಡ್ರೈವರ್. ಎದುರು ಕಾಣುವುದಿಲ್ಲ, ಬಾಗಿಲು ಬೇರೆ ಹಾಕಿಕೊಳ್ತಾರೆ. ಅಂಥ ಗಾಡಿಗೆ ನಾನು ಹತ್ತುವುದಿಲ್ಲ."

"ನಾನು ಮೂವತ್ತು ವರ್ಷ ಗುರ್ತ ಇಲ್ಲದವರ ಬಸ್ಸಿನಲ್ಲೇ ಹೋದದ್ದಲ್ವಾ? ಒಬ್ಬನನ್ನಾದರೂ ನಿನಗೆ ಬಿಡ್ಲಿಕ್ಕೆ ಬರ್ತದಾ ಅಂತ ಕೇಳಿದ್ದುಂಟಾ?"

ಇಂಥ ಪ್ರಶ್ನೆಗಳಿಗೆ ಚಿದಾನಂದರ ಉತ್ತರ ಒಂದೇ: ಶರ್ಟು ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಹೋಗುವುದು. ಅಲ್ಲಿ ಹತ್ತು ಜನರ ಎದುರು ಅವರೊಂದು ಘೋಷಣೆ ಮಾಡಿದರು. "ಆ ವಿಮಾನವನ್ನು ಒಂದು ಸಲ ನನ್ನ ಕೈಯಿಂದ ಇಳಿಸಿ ನೋಡ್ತೇನೆ. ಸರಿಯಾಗಿ ಇಳಿದರೆ ಆಮೇಲೆ ಹತ್ತುವ." ಇದಕ್ಕಿಂತ ಭದ್ರವಾದ ತಪ್ಪಿಸಿಕೊಳ್ಳುವ ದಾರಿ ಪ್ರಪಂಚದಲ್ಲಿ ಇಲ್ಲ ಎಂದು ಅವರು ಲೆಕ್ಕ ಹಾಕಿದ್ದರು. ಗುರುವಾಯನಕೆರೆಯಲ್ಲಿ ಅವರ ಕೈಗೆ ವಿಮಾನ ಕೊಡುವವರು ಯಾರು?

ಆದರೆ ಮುಂಡಪ್ಪ ಇದ್ದ. "ಅದಕ್ಕೆ ಕಂಪ್ಯೂಟರಿನಲ್ಲಿ ಒಂದು ಆಟ ಉಂಟಂತೆ, ಚಿದಾನಂದಣ್ಣ. ಪೈಲೆಟ್‌ಗಳು ಕಲಿಯುವುದು ಸಹ ಅಂಥದ್ದರಲ್ಲೇ ಅಂತೆ," ಎಂದುಬಿಟ್ಟ. ಇಪ್ಪತ್ತು ವರ್ಷದಲ್ಲಿ ಅವನು ಸ್ವಂತವಾಗಿ ಆಡಿದ ಮೊದಲ ಮಾತು ಅದು. ಆಡಿದ್ದು ಇಂಥ ಹೊತ್ತಿನಲ್ಲಿ. ಮಾತು ಕಾಂತಿಯ ಕಿವಿಗೆ ಬೀಳಲು ಒಂದು ಬಸ್ಸು ಬರುವಷ್ಟು ಹೊತ್ತೂ ಬೇಕಾಗಲಿಲ್ಲ. ಮರುದಿನವೇ ಅವಳು ಬೆಳ್ತಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಫಯಾಝ್‌ನನ್ನು ಹಿಡಿದಳು.

ಫಯಾಝ್ ತಂದದ್ದು ಯಾವುದೋ ಆಫೀಸಿನವರು ಗುಜರಿಗೆಂದು ಎತ್ತಿಟ್ಟಿದ್ದ ಕಂಪ್ಯೂಟರು. ಮಾನಿಟರು ಅಕ್ಕಿ ಡಬ್ಬದಷ್ಟು ದಪ್ಪ. ಸಿ.ಪಿ.ಯು. ಪೆಟ್ಟಿಗೆ ಒಂದು ಕಾಲದಲ್ಲಿ ಬಿಳಿ ಇದ್ದಿರಬೇಕು. ಅದರ ಫ್ಯಾನು ತಿರುಗತೊಡಗಿದರೆ ಪಕ್ಕದ ಮನೆಯವರು ಮಿಕ್ಸಿ ಹಾಕಿದ್ದಾ ಎಂದು ಕೇಳುತ್ತಿದ್ದರು. "ಹೊಸ ಆಟ ಯಾವುದೂ ಇದರಲ್ಲಿ ಓಡುವುದಿಲ್ಲ ಅಕ್ಕ," ಎಂದ ಫಯಾಝ್. "ಇಪ್ಪತ್ತು ವರ್ಷ ಹಿಂದಿನದ್ದು ಒಂದು ನನ್ನ ಹತ್ರ ಉಂಟು. ಅದು ಓಡ್ಲಿಕ್ಕೂ ಸಾಕು. ಓಡುವುದಲ್ಲ, ತೆವಳ್ತದೆ."

ತೆವಳಿತು. ಗುಂಡಿ ಒತ್ತಿ ಕಂಪ್ಯೂಟರು ಎದ್ದು ಕೂರುವಷ್ಟರಲ್ಲಿ ಚಿದಾನಂದರು ಸ್ನಾನ ಮುಗಿಸಿ ಬರಬಹುದಿತ್ತು. ವಿಮಾನದ ಚಿತ್ರ ಮೂಡುವಷ್ಟರಲ್ಲಿ ಕಾಫಿ ಕುಡಿಯಬಹುದಿತ್ತು. ಆಮೇಲೆ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯ ರನ್‌ವೇ ಕಾಣಿಸುತ್ತಿತ್ತು. ಬದಿಯಲ್ಲೊಂದು ಗೋಪುರ ಬಿಟ್ಟರೆ ಅದರ ಸುತ್ತ ಹಸಿರು ಬಣ್ಣ ಬಳಿದಿತ್ತು, ಅಷ್ಟೇ. ಮೂಡುಬಿದಿರೆ ಇಲ್ಲ, ವೇಣೂರು ಇಲ್ಲ. ಆಟ ಮಾಡಿದವರಿಗೆ ವೇಣೂರು ಎಂಬ ಊರಿರುವ ಸುದ್ದಿಯೇ ಮುಟ್ಟಿರಲಿಲ್ಲ. ಚಿದಾನಂದರು ಇದನ್ನು ವೈಯಕ್ತಿಕ ಅವಮಾನವೆಂದು ಭಾವಿಸಿದರು.

ಫಯಾಝ್ ಸಿಕ್ಕಿಸಿಕೊಟ್ಟಿದ್ದ ಜಾಯ್‌ಸ್ಟಿಕ್ಕಿನ ಹಿಡಿ ಎಡಕ್ಕೆ ಬಾಗಿಸಿದರೆ ವಿಮಾನ ಅದರ ಬಗ್ಗೆ ಯೋಚಿಸಿ, ಎರಡು ಸೆಕೆಂಡು ಬಿಟ್ಟು ಎಡಕ್ಕೆ ಹೊರಳುತ್ತಿತ್ತು. ಅಷ್ಟರಲ್ಲಿ ಇವರು ಸಿಟ್ಟಿನಿಂದ ಬಲಕ್ಕೆ ಎಳೆದಾಗಿರುತ್ತಿತ್ತು. ಚಿತ್ರ ಒಂದೊಂದೇ ಕುಪ್ಪಳಿಸಿ ಬರುತ್ತಿತ್ತು. ಒಂದು ಚಿತ್ರದಲ್ಲಿ ವಿಮಾನ ಆಕಾಶದಲ್ಲಿದ್ದರೆ ಮುಂದಿನದ್ದರಲ್ಲಿ ನೆಲದಲ್ಲಿ, ನಡುವಿನ ಕತೆ ಯಾರಿಗೂ ಗೊತ್ತಿಲ್ಲ. "ಪಿಕಪ್ ಇಲ್ಲ ಮಾರಾಯ. ಡೀಸಿಲ್ ಪಂಪು ನೋಡಿಸಬೇಕು," ಎಂದರು ಚಿದಾನಂದರು. ಹಿಂದಿನಿಂದ ಮುಂಡಪ್ಪ ಹೌದು ಎಂದ.

ಹೌದು, ಮುಂಡಪ್ಪ ದಿನಾ ಬರತೊಡಗಿದ್ದ. ವಿಮಾನ ಹೊರಡುವಾಗ ಅವನು ಬಸ್ಸು ಹೊರಡಿಸುತ್ತಿದ್ದ ಹಾಗೆಯೇ 'ರೈಟ್, ಪೋಯಿ' ಎಂದು ಕೂಗದಿದ್ದರೆ ಚಿದಾನಂದರ ಕೈ ಏಳುತ್ತಿರಲಿಲ್ಲ. ಅವರ ವಿಮಾನಕ್ಕೂ ಟೈಮಿಂಗ್ ಇತ್ತು: ಹತ್ತು ಹನ್ನೆರಡಕ್ಕೆ ಬಜ್ಪೆ ಬಿಟ್ಟರೆ ಹತ್ತು ಮೂವತ್ತಕ್ಕೆ ಮತ್ತೆ ಬಜ್ಪೆ. ಇಳಿಯುವಾಗ ಸರಿ ಹೋಗದಿದ್ದರೆ ಮೇಲೆ ಹೋಗಿ ಒಂದು ಸುತ್ತು ಹಾಕಿ ಬರಬಹುದು ಎಂದು ಫಯಾಝ್ ಹೇಳಿಕೊಟ್ಟ. "ಸುತ್ತು ಹಾಕುವುದಾ? ಅಷ್ಟರಲ್ಲಿ ಹಿಂದಿನವನು ಬಂದು ಜನ ಎತ್ತಿಕೊಂಡು ಹೋಗ್ತಾನೆ!" ಎಂದರು ಚಿದಾನಂದರು. ಆಕಾಶದಲ್ಲಿ ಹಿಂದಿನವನು ಯಾರು ಎಂದು ಕೇಳುವ ಧೈರ್ಯ ಫಯಾಝ್‌ಗೆ ಬರಲಿಲ್ಲ.

ಮೊದಲ ವಾರ ವಿಮಾನ ಒಂಬತ್ತು ಸಲ ಒಡೆಯಿತು. ಒಂಬತ್ತೂ ಸಲ ರನ್‌ವೇಯ ಎಡಬದಿಯಲ್ಲಿ. ಅದಕ್ಕೂ ಅವರ ಹತ್ತಿರ ಕಾರಣ ಸಿದ್ಧವಿತ್ತು. "ರಸ್ತೆಯ ಎಡಗಡೆ ಬಿಡಬಾರದು. ಎದುರಿನಿಂದ ಬರುವವನಿಗೆ ಸೈಡ್ ಬೇಡ್ವಾ? ಮೂವತ್ತನಾಲ್ಕು ವರ್ಷದ ಅಭ್ಯಾಸ." ಬಸ್ ನಿಲ್ದಾಣದಲ್ಲಿ ಇದು ದೊಡ್ಡ ನಗೆಯ ವಿಷಯವಾಯಿತು. ರನ್‌ವೇಯಲ್ಲೂ ಸೈಡ್ ಕೊಡುವ ಡ್ರೈವರು! ನಗುವವರ ಜೊತೆ ಚಿದಾನಂದರೂ ನಕ್ಕರು. ಅಷ್ಟು ಸುಲಭವಾಗಿ ತಮ್ಮ ಮೇಲಿನ ತಮಾಷೆಗೆ ತಾವೇ ನಗುವ ಮನುಷ್ಯ ಅವರಲ್ಲ. ಕಾಂತಿ ಆಗಲೇ ಸಂಶಯಪಡಬೇಕಿತ್ತು.

ಹೊರಡಲು ಹದಿನೆಂಟು ದಿನ ಉಳಿದಿತ್ತು. ತಪ್ಪು ಕಂಪ್ಯೂಟರಿನದ್ದೇ ಎಂದು ತೀರ್ಮಾನವಾಗಿ, ಫಯಾಝ್ ಇನ್ಯಾವುದೋ ಸತ್ತ ಕಂಪ್ಯೂಟರಿನ ಹೊಟ್ಟೆ ಬಗೆದು ಮೆಮೊರಿ ಪಟ್ಟಿಯನ್ನೂ ಡಿಸ್‌ಪ್ಲೇ ಕಾರ್ಡನ್ನೂ ತೆಗೆದು ತಂದು ಇದಕ್ಕೆ ಹಾಕಿದ. ಬೇಡದ್ದನ್ನೆಲ್ಲ ಅಳಿಸಿದ. ಆಟದಲ್ಲಿ ಮೋಡ ತೆಗೆದ, ನೆರಳು ತೆಗೆದ, ದೂರದ ಬೆಟ್ಟ ತೆಗೆದ. ಪೆಟ್ಟಿಗೆಯ ಒಂದು ಬದಿಯ ತಗಡನ್ನೇ ಬಿಚ್ಚಿ, ಒಳಗೆ ಗಾಳಿಯಾಡಲೆಂದು ಕಾಂತಿಯ ಟೇಬಲ್ ಫ್ಯಾನನ್ನು ಎದುರಿಗಿಟ್ಟ. ಅಡುಗೆಮನೆಯಲ್ಲಿ ಕಾಂತಿ ಬೆವರು ಒರೆಸಿಕೊಂಡಳು, ಕಂಪ್ಯೂಟರು ತಂಪಾಗಿ ಓಡಿತು. ವಿಮಾನ ಈಗ ಕುಪ್ಪಳಿಸುತ್ತಿರಲಿಲ್ಲ. ಹಿಡಿ ತಿರುಗಿಸಿದ ಕ್ಷಣಕ್ಕೆ ತಿರುಗುತ್ತಿತ್ತು.

ತಿರುಗಿ ಎಡಬದಿಗೇ ಹೋಗಿ ಒಡೆಯಿತು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ.

ಈಗ ದೂರಲು ಏನೂ ಉಳಿದಿರಲಿಲ್ಲ. ಚಿದಾನಂದರು ಮಾತು ಕಡಿಮೆ ಮಾಡಿದರು. ಮುಂಡಪ್ಪನಿಗೆ ನಾಳೆ ಬಾ ಎನ್ನತೊಡಗಿದರು. ಆಟ ಮಾತ್ರ ಬಿಡಲಿಲ್ಲ. ಕುರ್ಚಿಯನ್ನು ಓರೆಯಾಗಿ ಹಾಕಿ, ಕುತ್ತಿಗೆ ತಿರುಚಿಕೊಂಡು, ಯಾರದೋ ಮನೆಯ ಕಿಟಕಿಯಲ್ಲಿ ಇಣುಕುವವರ ಹಾಗೆ ಕೂತು ಆಡುತ್ತಿದ್ದರು. ಕೀಬೋರ್ಡಿನ ಎಡಕ್ಕೆ ಇಟ್ಟ ಕಾಫಿ ಲೋಟ ವಾರದಲ್ಲಿ ಮೂರು ಸಲ ಉರುಳಿತು. ಎಲ್ಲಿಟ್ಟದ್ದು ನೋಡಬಾರದಾ ಎಂದು ಕಾಂತಿ ಮೂರೂ ಸಲ ಬೈದಳು.

ಒಂದು ಬೆಳಿಗ್ಗೆ ಅವಳು ಬಸಳೆ ಸೊಪ್ಪು ಸೋಸುವ ತಟ್ಟೆ ಹಿಡಿದುಕೊಂಡು ಬಂದು ಅವರ ಎಡಗಡೆ ನೆಲದ ಮೇಲೆ ಕೂತಳು. ಫ್ಯಾನಿನ ಗದ್ದಲದಲ್ಲಿ ಅವಳು ಬಂದದ್ದು ಕೇಳಿಸಿರಲಿಕ್ಕಿಲ್ಲ. ಸ್ವಲ್ಪ ಹೊತ್ತಿಗೆ ವಿಮಾನ ಒಡೆಯಿತು. ಚಿದಾನಂದರು ಬಲಕ್ಕೆ, ಅಡುಗೆಮನೆಯ ಕಡೆಗೆ ತಿರುಗಿ ಕೂಗಿದರು. "ಕಾಂತೀ! ಎಲ್ಲಿ ಹೋಗಿ ಸತ್ತದ್ದು? ಕಾಫಿ ಉಂಟಾ?"

ಅವಳು ಕೈಗೆಟುಕುವಷ್ಟು ದೂರದಲ್ಲಿದ್ದಳು. ಮೆಲ್ಲನೆ ಕೈಯೆತ್ತಿ ಅವರ ಎಡಗೆನ್ನೆಯ ಹತ್ತಿರ ಬಸಳೆಯ ದಂಟೊಂದನ್ನು ಆಡಿಸಿದಳು. ಅವರು ಅಡುಗೆಮನೆಯನ್ನೇ ನೋಡುತ್ತಿದ್ದರು. ಮತ್ತೆ ಸ್ಕ್ರೀನಿನ ಕಡೆ ತಿರುಗಿದರು. ದಂಟು ಇನ್ನೂ ಅಲ್ಲೇ ಇತ್ತು. ಅವರು ಅದನ್ನು ಕಾಣಲಿಲ್ಲ.

ಕಾಂತಿ ದಂಟನ್ನು ಕೆಳಗಿಳಿಸಿದಳು. ಸ್ವಲ್ಪ ಮಬ್ಬಂತೆ! ಒಂದು ವರ್ಷದಿಂದ ಈ ಮನುಷ್ಯ ಒಂದು ಕಣ್ಣಿನಲ್ಲಿ ಸಂಸಾರ ಮಾಡುತ್ತಿದ್ದಾರೆ, ನಾನು ಲೋಟ ಉರುಳಿದ್ದಕ್ಕೆ ಬೈಯುತ್ತಿದ್ದೇನೆ. ಮರುಕ್ಷಣ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಎಲ್ಲವೂ ಅರ್ಥವಾಯಿತು. ಇವರಿಗೆ ವಿಮಾನದ ಹೆದರಿಕೆ ಅಲ್ಲವೇ ಅಲ್ಲ. ಈ ಮನೆಯ ಮೆಟ್ಟಿಲು, ಬಾವಿಕಟ್ಟೆ, ನಿಲ್ದಾಣದ ಬೆಂಚು ಎಲ್ಲ ಅವರಿಗೆ ಬಾಯಿಪಾಠ. ಮಸ್ಕತ್ತಿನಲ್ಲಿ ಯಾವುದು ಬಾಯಿಪಾಠ? ಅಲ್ಲಿ ಬಾಗಿಲಿಗೆ ಬಡಿಯುತ್ತಾರೆ, ಜನರಿಗೆ ಡಿಕ್ಕಿ ಹೊಡೆಯುತ್ತಾರೆ, ಅಳಿಯನ ಎದುರು ಲೋಟ ಉರುಳಿಸುತ್ತಾರೆ. ಮೂವತ್ತನಾಲ್ಕು ವರ್ಷ ಒಂದು ಕೋಳಿಗೂ ತಾಗಿಸದೆ ಬಸ್ಸು ಓಡಿಸಿದ ಮನುಷ್ಯ ಅದನ್ನು ತಡೆದುಕೊಳ್ಳುವುದಕ್ಕಿಂತ ಮೊಮ್ಮಗಳನ್ನು ಕಾಣದೇ ಇರುತ್ತಾರೆ.

ಎದುರಿಗೆ ಕೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅಕ್ಷರದ ಬೋರ್ಡು ಹಳತು ಎನ್ನುತ್ತಾರೆ, ಶರ್ಟು ಹಾಕಿಕೊಳ್ಳುತ್ತಾರೆ. ಅವಳು ಸದ್ದಾಗದಂತೆ ಎದ್ದು ಒಳಗೆ ಹೋಗಿ, ಕಾಫಿ ಮಾಡಿ ತಂದು, ಲೋಟವನ್ನು ಬಲಗಡೆ ಇಟ್ಟಳು. ಮಧ್ಯಾಹ್ನದ ಬಸ್ಸಿಗೆ ಬೆಳ್ತಂಗಡಿಗೆ ಹೋದಳು.

"ಫಯಾಝ್, ಆ ವಿಮಾನ ಒಡೆಯದ ಹಾಗೆ ಮಾಡ್ಲಿಕ್ಕೆ ಆಗ್ತದಾ?"

ಫಯಾಝ್ ಅವಳ ಮುಖ ನೋಡಿದ. "ಆಗ್ತದೆ ಅಕ್ಕ. ಅದರಲ್ಲಿ ಒಂದು ಟಿಕ್ ಉಂಟು. ಅದನ್ನು ಬದಲಿಸಿದರೆ ಎಲ್ಲಿಗೆ ಬಡಿದರೂ ಒಡೆಯುವುದಿಲ್ಲ. ಆದರೆ ಕಟ್ಟಡ, ಗುಡ್ಡೆ ಎಲ್ಲದರ ಒಳಗಿಂದ ಹೋಗ್ತದೆ. ನೋಡಿದವರಿಗೆ ಗೊತ್ತಾಗ್ತದೆ."

"ಹೋಗಲಿ. ಆಚೆ ಬದಿಯಲ್ಲಿ ಹೊರಗೆ ಬಂದರೆ ಸಾಕು."

"ಚಿದಣ್ಣನಿಗೆ ಗೊತ್ತಾದ್ರೆ?"

"ಗೊತ್ತಾದ್ರೆ ನನಗೆ ಬೈಲಿ. ಮಸ್ಕತ್ತಿನಲ್ಲಿ ಕೂತು ಬೈಲಿ," ಎಂದಳು ಕಾಂತಿ. ಯಾಕೆ ಏನು ಎಂದು ಅವನು ಮತ್ತೆ ಕೇಳಲಿಲ್ಲ. ಒಳ್ಳೆಯ ಹುಡುಗ ಎಂದುಕೊಂಡಳು. ಬಸ್ಸಿನಲ್ಲಿ ಕೂತ ಮೇಲೆ ಕಿಟಕಿಯ ಕಡೆಗೆ ಮುಖ ಮಾಡಿ ಸ್ವಲ್ಪ ಅತ್ತಳು.

ಭಾನುವಾರ ಬೆಳಿಗ್ಗೆ ಫಯಾಝ್ ಬಂದು, ಧೂಳು ಹೊಡೆಯುವ ನೆವದಲ್ಲಿ ಆ ಟಿಕ್ಕಿನ ಕೆಲಸ ಮುಗಿಸಿದ. ಕಾಂತಿ ತಾನೇ ಮುಂಡಪ್ಪನಿಗೆ ಹೇಳಿಕಳಿಸಿದ್ದಳು. ಇಳಿದದ್ದಕ್ಕೆ ಊರಿನವರೊಬ್ಬರ ಸಾಕ್ಷಿ ಬೇಕಲ್ಲ. ಸಾಕ್ಷಿ ಹೇಳಲು ಇಪ್ಪತ್ತು ವರ್ಷ ಹೌದು ಎಂದೇ ಬದುಕಿದವನಿಗಿಂತ ಯೋಗ್ಯರು ಯಾರು? ಒಳ್ಳೆಯ ಯೋಜನೆ ಎಂದು ಅವಳಿಗೇ ತನ್ನ ಮೇಲೆ ಮೆಚ್ಚುಗೆಯಾಗಿತ್ತು.

"ರೈಟ್, ಪೋಯಿ," ಎಂದ ಮುಂಡಪ್ಪ. ಹತ್ತು ಹನ್ನೆರಡಕ್ಕೆ ಸರಿಯಾಗಿ ವಿಮಾನ ಎದ್ದಿತು. ಸಮುದ್ರದ ಮೇಲೆ ಹೋಗಿ ತಿರುಗಿ ಬಂತು. ಚಿದಾನಂದರು ಕುತ್ತಿಗೆ ತಿರುಚಿಕೊಂಡು, ತುಟಿ ಕಚ್ಚಿ, ರನ್‌ವೇಯ ಕಡೆಗೆ ಮೂತಿ ಇಳಿಸಿದರು. ಎಂದಿನಂತೆ ಅದು ಎಡಕ್ಕೆ ಸರಿಯಿತು. ಮತ್ತೂ ಎಡಕ್ಕೆ ಸರಿಯಿತು. ರನ್‌ವೇ ಬಿಟ್ಟು ಹುಲ್ಲಿಗೆ ಇಳಿದು, ಎಡಬದಿಯಲ್ಲಿ ಎತ್ತರಕ್ಕೆ ನಿಂತಿದ್ದ ನಿಯಂತ್ರಣ ಗೋಪುರದ ಒಂದು ಗೋಡೆಯಿಂದ ಒಳಹೊಕ್ಕು ಇನ್ನೊಂದು ಗೋಡೆಯಿಂದ ಹೊರಬಂದು, ಒಂದೆರಡು ಸಲ ಪುಟಿದು, ಓರೆಯಾಗಿ ಜಾರಿಕೊಂಡು ಮತ್ತೆ ರನ್‌ವೇ ಹತ್ತಿ, ನಿಂತಿತು. ಹತ್ತು ಇಪ್ಪತ್ತೊಂಬತ್ತು. ವಿಮಾನ ಇಡಿಯಾಗಿತ್ತು.

"ಇಳಿಯಿತು!" ಎಂದು ಫಯಾಝ್ ಚಪ್ಪಾಳೆ ತಟ್ಟಿದ. "ಅಬ್ಬ, ಇಳಿಯಿತಲ್ಲ!" ಎಂದಳು ಕಾಂತಿ, ಸ್ವಲ್ಪ ಜೋರಾಗಿಯೇ.

ಚಿದಾನಂದರ ಮುಖ ಬಿರಿಯಿತು. ಒಂದು ವರ್ಷದಿಂದ ಕಾಣದ ನಗು ಅದು. ಕೈಗಡಿಯಾರ ನೋಡಿಕೊಂಡರು. "ಒಂದು ನಿಮಿಷ ಮೊದಲೇ! ಕಂಡ್ಯಾ ಮುಂಡಪ್ಪ?"

ಮುಂಡಪ್ಪನಿಗೆ ಅಂದು ಹೌದು ಎನ್ನುವುದೊಂದು ಬಿಟ್ಟು ಮತ್ತೆಲ್ಲವೂ ತೋಚಿತು. ಅವನು ಬಾಯಿ ತೆರೆದುಕೊಂಡು ಸ್ಕ್ರೀನನ್ನೇ ನೋಡುತ್ತಿದ್ದ. "ಅಲ್ಲ ಚಿದಾನಂದಣ್ಣ," ಎಂದ. "ಅಷ್ಟು ದೊಡ್ಡ ಗೋಪುರದ ಒಳಗಿಂದ ಹೋಯಿತಲ್ಲ? ಅದು ಹೇಗೆ?"

ಚಿದಾನಂದರು ತಿರುಗಿದರು. ನಗು ಇನ್ನೂ ಮುಖದಲ್ಲೇ ಇತ್ತು.

"ಯಾವ ಗೋಪುರ?" ಎಂದರು.

ಅವರು ಒಮ್ಮೆ ಫಯಾಝ್‌ನ ಮುಖ ನೋಡಿದರು, ಒಮ್ಮೆ ಮುಂಡಪ್ಪನ ಮುಖ ನೋಡಿದರು. ಆಮೇಲೆ ಇಡೀ ತಲೆಯನ್ನು ಎಡಕ್ಕೆ ತಿರುಗಿಸಿ, ತೀರ ತಿರುಗಿಸಿ, ಬಲಗಣ್ಣಿನಿಂದ ಸ್ಕ್ರೀನಿನ ಎಡಮೂಲೆಯನ್ನು ನೋಡಿದರು. ಗೋಪುರದ ತುದಿ ಅಲ್ಲಿ ಕಾಣುತ್ತಿತ್ತು. ಅವರು ಅದನ್ನು ತುಂಬ ಹೊತ್ತು ನೋಡಿದರು. ಮುಖದ ನಗು ಯಾವಾಗ ಹೋಯಿತೆಂದು ಕಾಂತಿಗೆ ಗೊತ್ತಾಗಲಿಲ್ಲ. ಅಷ್ಟು ಬುದ್ಧಿವಂತಿಕೆಯಿಂದ ಯೋಜನೆ ಮಾಡಿದವಳಿಗೆ, ಗೋಪುರ ಅವರಿಗೆ ಕಾಣಲಿಕ್ಕಿಲ್ಲ ಎಂಬ ಒಂದೇ ಒಂದು ವಿಷಯ ಹೊಳೆದಿರಲಿಲ್ಲ. ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು.

ಫಯಾಝ್ ಮುಂಡಪ್ಪನ ತೋಳು ಹಿಡಿದು, "ಬನ್ನಿ, ಚಾ ಕುಡಿದು ಬರುವ," ಎಂದು ಎಳೆದುಕೊಂಡು ಹೊರಟ. ತಾನು ಎಂಥದ್ದು ತಪ್ಪು ಹೇಳಿದೆ ಎಂದು ಮುಂಡಪ್ಪ ಅಂಗಳ ದಾಟುವವರೆಗೂ ಕೇಳುತ್ತಲೇ ಇದ್ದ.

ಕಾಂತಿ ಹತ್ತಿರ ಬಂದು ಕುರ್ಚಿಯ ಎಡಗಡೆ ನಿಂತಳು.

"ನಿನಗೆ ಯಾವಾಗ ಗೊತ್ತಾಯಿತು?" ಎಂದರು ಚಿದಾನಂದರು, ಸ್ಕ್ರೀನು ನೋಡುತ್ತಲೇ.

"ಮೊನ್ನೆ."

"ಅದು ಇನ್ನು ಬರುವುದಿಲ್ಲ ಅಂತೆ. ನರ ಒಣಗಿದ್ದಂತೆ. ಆವತ್ತೇ ಹೇಳಿದ್ದರು ಡಾಕ್ಟ್ರು." ಅವರು ಜಾಯ್‌ಸ್ಟಿಕ್ಕನ್ನು ಅತ್ತ ಸರಿಸಿದರು. "ಬೋರ್ಡು ಹೊಸತೇ ಇತ್ತು."

ಕಾಂತಿ ಟೇಬಲ್ ಫ್ಯಾನನ್ನು ಅವರ ಕಡೆಗೆ ತಿರುಗಿಸಿದಳು. ಬೈಯಲಿಕ್ಕಾದರೆ ಸಾವಿರ ಮಾತಿತ್ತು.

"ಅಲ್ಲಿ ನೀನು ನನ್ನ ಎಡಗಡೆಯೇ ಇರಬೇಕು," ಎಂದರು ಅವರು.

"ಇರ್ತೇನೆ."

"ಅಕ್ಷಿತಾಳಿಗೆ ಹೇಳಬೇಡ."

"ಇಲ್ಲ, ಹೇಳುವುದಿಲ್ಲ."

ಚಿದಾನಂದರು ಎದ್ದು ನಿಂತರು. ಕುರ್ಚಿಯ ಬೆನ್ನಿನಲ್ಲಿ ನೇತುಹಾಕಿದ್ದ ಶರ್ಟು ಕೈಗೆತ್ತಿಕೊಂಡರು. ಬಸ್ ನಿಲ್ದಾಣಕ್ಕೆ ಹೊರಟರು ಎಂದೇ ಅವಳು ತಿಳಿದಳು. ಆದರೆ ಅವರು ಶರ್ಟನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು.

"ಬೇಡ, ಹೇಳು ಅವಳಿಗೆ," ಎಂದರು. "ಮಗುವನ್ನು ನನ್ನ ಕೈಗೆ ಕೊಡುವಾಗ ಬಲಗಡೆಯಿಂದ ಕೊಡ್ಲಿಕ್ಕೆ ಹೇಳು."